ಇದ್ದೇ ಇದೆ ಎಂದು ಬರೆದ ಪರಿಹಾರ

ಪಾವಗಡದ ಕಾಲೇಜೊಂದರ ಗಣಿತ ಸಂಘದ ಉದ್ಘಾಟನೆಗೆ ಮುಖ್ಯ ಅತಿಥಿಯಾಗಿ ಬರಬೇಕು ಎಂದು ಅಲ್ಲಿನ ಗಣಿತದ ಮೇಷ್ಟ್ರು ಫೋನ್ ಮಾಡಿದಾಗ ನಾನು ಉಬ್ಬಿಹೋದೆ. ಮಧುಗಿರಿಯಲ್ಲಿ ನಾನು ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ ಮಾತ್ರ. ಪ್ರತಿ ವರ್ಷ ಅರ್ಜಿ ಹಾಕಬೇಕು, ಕರೆದರೆ ಪಾಠ, ಕರೆಯದಿದ್ದರೆ ಮನೆ. ಹಾರ ಹಾಕಿ ಒಳಗೆ ಕರೆದವರು ಅಲ್ಲಿಯ ತನಕ ಯಾರೂ ಇರಲಿಲ್ಲ. 'ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ರೆಡಿ ಐತೆ ಮೇಡಮ್ಮೋರೆ, ನೀವು ಬಂದ್ರೆ ಸಾಕು' ಅಂದರು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬೆಳಗಿನ ಬಸ್ಸು ಹತ್ತಿದೆ.

ಬೀಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಪಿಎಚ್‌ಡಿ ಪ್ರಬಂಧ ಮುಗಿದಿತ್ತು. ಅದರ ಮುಖ್ಯ ಪ್ರಮೇಯ ನನ್ನ ಹೆಸರು, ನನ್ನ ಮಾರ್ಗದರ್ಶಕರ ಹೆಸರು ಎರಡನ್ನೂ ಹೊತ್ತು ಒಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಸಾರಾಂಶವನ್ನು ವಿಶ್ವವಿದ್ಯಾಲಯ ಒಪ್ಪಿತ್ತು. ಮುಂದಿನ ತಿಂಗಳ ಕೊನೆಯೊಳಗೆ ಪ್ರಬಂಧವನ್ನು ಸಲ್ಲಿಸಬೇಕಿತ್ತು. ನನ್ನ ಅವಧಿಯನ್ನು ವಿಸ್ತರಿಸಿ ವಿಸ್ತರಿಸಿ ವಿಶ್ವವಿದ್ಯಾಲಯದವರಿಗೂ ಸಾಕಾಗಿತ್ತು. ಈ ಸಲ ತಪ್ಪಿದರೆ ನೋಂದಣಿಯೇ ರದ್ದು. ಡಾಕ್ಟರೇಟ್ ಇಲ್ಲದ ಅತಿಥಿಗಳನ್ನು ಮುಂದಿನ ವರ್ಷ ಕರೆಯುವುದಿಲ್ಲ ಎಂದು ನಮ್ಮ ಕಾಲೇಜಿನಲ್ಲಿ ಬಾಯಿಬಿಟ್ಟೇ ಹೇಳಿದ್ದರು. ಹಾಗಾಗಿ ಆ ಪ್ರಬಂಧ ನನಗೆ ಬಿರುದಿನ ಮಾತಾಗಿರಲಿಲ್ಲ, ಕೆಲಸ ಉಳಿಯುವ ಮಾತಾಗಿತ್ತು.

ಪಾವಗಡದ ಹುಡುಗ ಹುಡುಗಿಯರಿಗೆ ನನ್ನ ವಿಷಯವನ್ನು ತಿಪ್ಪೆಯಿಂದ ಶುರುಮಾಡಿ ಹೇಳಿದೆ. ಗೊಬ್ಬರದ ತಿಪ್ಪೆಯೊಳಗೆ ಕೈಹಾಕಿದರೆ ಬಿಸಿ, ಅಂಚಿನಲ್ಲಿ ತಣ್ಣಗೆ. ಒಳಗೆ ಕಾವು ಹುಟ್ಟುತ್ತದೆ, ಅಂಚಿನಿಂದ ಸೋರಿಹೋಗುತ್ತದೆ. ಎಷ್ಟು ಕಾವು ಹುಟ್ಟುತ್ತದೆ ಅನ್ನುವುದು ಅಲ್ಲಿ ಆಗಲೇ ಎಷ್ಟು ಬಿಸಿಯಿದೆ ಅನ್ನುವುದರ ಮೇಲೆ ನಿಂತಿದೆ. ಪೂರ್ತಿ ತಣ್ಣಗಿದ್ದರೆ ಏನೂ ಹುಟ್ಟುವುದಿಲ್ಲ. ಹೀಗಿರುವಾಗ ತಿಪ್ಪೆಯ ತುಂಬ ಒಂದು ಹದಕ್ಕೆ ಬಂದು ನಿಂತ ಬಿಸಿ ಅಂತ ಒಂದು ಇದೆಯೋ ಇಲ್ಲವೋ? 'ನಾನ್‌ಲೀನಿಯರ್ ಎಲಿಪ್ಟಿಕ್ ಬೌಂಡರಿ ವ್ಯಾಲ್ಯೂ ಪ್ರಾಬ್ಲಂ ಅಂತ ಹೆದರಿಸ್ತಾರಲ್ಲ, ಅದು ಇಷ್ಟೇ' ಅಂದೆ. ಬಿಸಿ ಎಷ್ಟು ಅಂತ ನಾನು ಲೆಕ್ಕ ಹಾಕಿಲ್ಲ, ಅಂಥದ್ದೊಂದು ಇದ್ದೇ ಇದೆ ಎಂದು ಸಾಬೀತು ಮಾಡಿದ್ದೇನೆ, ಅದನ್ನು ಅಸ್ತಿತ್ವದ ಪ್ರಮೇಯ ಅನ್ನುತ್ತಾರೆ ಎಂದೆಲ್ಲ ಜಂಬದಿಂದ ವಿವರಿಸಿದೆ. ನನ್ನ ಪ್ರಮೇಯಕ್ಕೊಂದು ಷರತ್ತಿತ್ತು. ಹುಟ್ಟುವ ಕಾವು ಅಲ್ಲಿರುವ ಬಿಸಿಯ ಇಷ್ಟು ಪಟ್ಟಿಗಿಂತ ಹೆಚ್ಚಾಗಬಾರದು, ಆ ಪಟ್ಟಿನ ಸಂಖ್ಯೆ ಒಂದು ಮಿತಿಯ ಒಳಗಿರಬೇಕು. ಆ ಷರತ್ತನ್ನೂ ಬೋರ್ಡಿನ ಮೇಲೆ ಚೌಕ ಹಾಕಿ ಬರೆದೆ.

ಆಮೇಲೆ ತಿಪ್ಪೆ ಬಿಟ್ಟು, ಅದೇ ಷರತ್ತಿನೊಳಗೆ ಒಂದು ಉದ್ದನೆಯ ಸರಳಿನ ಸಣ್ಣ ಲೆಕ್ಕ ಕೊಟ್ಟೆ. ಎರಡೂ ತುದಿಯಲ್ಲಿ ಬಿಸಿ ಸೊನ್ನೆ. ಈ ತುದಿಯಿಂದ ಹೊರಡಿ, ಬಿಸಿ ಎಷ್ಟು ಕಡಿದಾಗಿ ಏರುತ್ತದೆ ಎಂದು ಒಂದು ಊಹೆ ಮಾಡಿ, ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತಾ ಆ ತುದಿ ಮುಟ್ಟಿ. ಅಲ್ಲಿ ಮತ್ತೆ ಸೊನ್ನೆ ಬಂದರೆ ಪರಿಹಾರ ಸಿಕ್ಕಿತು. ಬರದಿದ್ದರೆ ಊಹೆ ಬದಲಿಸಿ ಮತ್ತೆ ಹೊರಡಿ. ಮಾವಿನಕಾಯಿಗೆ ಕಲ್ಲು ಬೀಸಿದ ಹಾಗೆ, ಒಂದಲ್ಲ ಒಂದು ಬೀಳುತ್ತದೆ. 'ಮನೆಗೆ ಹೋಗಿ ಕ್ಯಾಲ್ಕುಲೇಟರ್ ಹಿಡಿದು ಹುಡುಕಿ. ಇದ್ದೇ ಇದೆ ಅಂತ ನಾನು ಸಾಬೀತು ಮಾಡಿದ್ದೀನಿ' ಅಂದೆ.

ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಪಾವಗಡದ ಕನ್ನಡ, ಅರ್ಧಕ್ಕರ್ಧ ತೆಲುಗು; ಸೊನ್ನೆಗೆ ಸುನ್ನಾ, ಅಲ್ವಾ ಅನ್ನುವುದಕ್ಕೆ ಕದಾ.

'ಮೇಡಂ, ಸುನ್ನಾನೇ ಹಾಕ್ಬುಟ್ರೆ? ಎಲ್ಲಾ ಕಡೆ ಬಿಸಿ ಸುನ್ನಾ ಅಂದ್ರೂ ಸಮೀಕರಣ ಸರಿಹೋಗ್ತದೆ ಕದಾ?'

ನನ್ನ ಬಾಯಿಗೆ ಬೀಗ ಇಲ್ಲ, ಅದು ನನ್ನ ಹುಟ್ಟುಗುಣ. 'ಸೊನ್ನೆ ಹುಡುಕೋದಕ್ಕೆ ಪಿಎಚ್‌ಡಿ ಯಾಕಮ್ಮ ಬೇಕು? ಕೂತ್ಕೊ' ಅಂದೆ. ಹಾಲ್ ಹಾರಿಹೋಗುವಂತೆ ನಕ್ಕರು. ಹಿಂದಿನ ಬೆಂಚಿನವನೊಬ್ಬ 'ಸುನ್ನಾ!' ಅಂತ ರಾಗ ಎಳೆದ, ಮತ್ತೆ ನಕ್ಕರು. ನಾನೂ ನಕ್ಕೆ. ಹುಡುಗಿ ದುಪಟ್ಟಾ ಸರಿಮಾಡಿಕೊಂಡು ಕೂತಳು. ಆಮೇಲೆ ಟೀ ಕುಡಿಯುವಾಗ ಮೇಷ್ಟ್ರು ಹೇಳಿದರು, 'ಆ ಹುಡುಗಿ ಒಬ್ಳೇ ಮೇಡಂ ಈ ಬ್ಯಾಚಲ್ಲಿ ಎಂಎಸ್ಸಿ ಮಾಡ್ತೀನಿ ಅಂತ ಹಟ ಹಿಡ್ದಿರೋಳು. ಮನೇಲಿ ಒಪ್ಪಿಸೋದೇ ಕಷ್ಟ ಆಗೈತೆ.' ಒಳ್ಳೆಯದು ಅಂದು ಇನ್ನೊಂದು ಬಿಸ್ಕತ್ತು ತಗೊಂಡೆ.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತೊಡೆಯ ಮೇಲೆ ಶಾಲು, ಕಾಲ ಬಳಿ ಹಣ್ಣಿನ ಬುಟ್ಟಿ. ಆ ಹುಡುಗಿಗೆ ಕೊಟ್ಟ ಉತ್ತರವನ್ನು ನೆನೆದು ನನ್ನಷ್ಟಕ್ಕೆ ನಗುತ್ತಿದ್ದೆ. ಯಾರಿಗಾದರೂ ಹೇಳಬೇಕು ಅನ್ನಿಸುವಷ್ಟು ಚೆನ್ನಾಗಿತ್ತು. ಆ ಕತೆಯನ್ನು ಮನಸ್ಸಿನಲ್ಲೇ ಹೇಳುತ್ತಾ ಹೋದಾಗ ಒಂದು ಕಡೆ ಮಾತು ತಡವರಿಸಿತು. ಸೊನ್ನೆ ಒಂದು ಪರಿಹಾರ, ಸರಿ. ಅದು ಎಲ್ಲರಿಗೂ ಗೊತ್ತು. ನಾನು ತೋರಿಸಿದ್ದು ಸೊನ್ನೆಗಿಂತ ದೊಡ್ಡದಾದ, ನಿಜವಾಗಿ ಬೆಚ್ಚಗಿರುವ ಪರಿಹಾರ. ಹಾಗಾದರೆ ನನಗೆ ಸಿಕ್ಕಿದ್ದು ಸೊನ್ನೆಯಲ್ಲ ಎಂದು ನಾನು ಎಲ್ಲಿ ಹೇಳಿದ್ದೇನೆ?

ಪ್ರಮೇಯದ ಸಾಧನೆ ಹೀಗಿತ್ತು. ಎಲ್ಲಾ ಸಾಧ್ಯ ಬಿಸಿಗಳನ್ನು ಒಂದು ಚೀಲಕ್ಕೆ ತುಂಬು. ಒಂದು ಕ್ರಿಯೆ ಆ ಚೀಲದಲ್ಲಿರುವುದನ್ನೆಲ್ಲ ಕಲಕಿ ಮತ್ತೆ ಆ ಚೀಲದೊಳಕ್ಕೇ ಹಾಕುತ್ತದೆ. ಹಾಗೆ ಕಲಕಿದಾಗ ಒಂದಾದರೂ ಇದ್ದಲ್ಲೇ ಇರುತ್ತದೆ, ಇದು ಸ್ಥಿರಬಿಂದು ಪ್ರಮೇಯ. ಕದಲದೆ ಇದ್ದದ್ದೇ ಪರಿಹಾರ. ಅದು ಸೊನ್ನೆಗಿಂತ ದೊಡ್ಡದು ಎಂದು ಹೇಳಲು ಗರಿಷ್ಠ ತತ್ತ್ವ ಎಂಬ ಹಳೆಯ ಮಾತನ್ನು ಬಳಸಿದ್ದೆ. ಆ ತತ್ತ್ವ ಹೇಳುವುದು ಎರಡು ಮಾತು: ಪರಿಹಾರ ಒಳಗೆಲ್ಲ ಸೊನ್ನೆಗಿಂತ ದೊಡ್ಡದು, ಇಲ್ಲವೇ ಎಲ್ಲ ಕಡೆ ಸೊನ್ನೆ. ನಾನು ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಟ್ಟಿದ್ದೆ.

ಪರವಾಗಿಲ್ಲ, ಎರಡನೆಯದು ಆಗುವುದಿಲ್ಲ ಎಂದು ಈಗ ತೋರಿಸಿದರಾಯಿತು ಎಂದು ಆಮಂತ್ರಣ ಪತ್ರಿಕೆಯ ಹಿಂಬದಿಗೆ ಪೆನ್ನು ಹಚ್ಚಿದೆ. ಸಮೀಕರಣದ ಎರಡೂ ಬದಿಯನ್ನು ಬಿಸಿಯಿಂದಲೇ ಗುಣಿಸಿ ಇಡೀ ತಿಪ್ಪೆಯ ಮೇಲೆ ಇಂಟಿಗ್ರೇಟ್ ಮಾಡಿದೆ. ಒಂದು ಕಡೆ ಸೋರುವುದರ ಮೊತ್ತ, ಇನ್ನೊಂದು ಕಡೆ ಹುಟ್ಟುವುದರ ಮೊತ್ತ. ಎರಡೂ ಸಮ ಇರಬೇಕು. ಆದರೆ ನನ್ನ ಷರತ್ತು, ಚೌಕ ಹಾಕಿ ಬರೆದ ಆ ಷರತ್ತು, ಹುಟ್ಟುವುದು ಯಾವಾಗಲೂ ಸೋರುವುದಕ್ಕಿಂತ ಕಡಿಮೆ ಎಂದು ಹೇಳುತ್ತಿತ್ತು. ಎರಡೂ ಸಮವಾಗಬೇಕಾದರೆ ಇರುವುದು ಒಂದೇ ದಾರಿ: ಬಿಸಿಯೇ ಇರಬಾರದು. ನಾಲ್ಕು ಸಾಲು. ಬಸ್ಸು ಇನ್ನೂ ಮಿಡಿಗೇಶಿ ದಾಟಿರಲಿಲ್ಲ.

ಯಾವ ಷರತ್ತಿನ ಬಲದಿಂದ ಪರಿಹಾರ ಇದೆ ಎಂದು ಸಾಧಿಸಿದ್ದೆನೋ ಅದೇ ಷರತ್ತು, ಸೊನ್ನೆಯ ಹೊರತು ಯಾವ ಪರಿಹಾರವೂ ಇಲ್ಲ ಎಂದು ಹೇಳುತ್ತಿತ್ತು. ನಾನು ಹೊಳವನಹಳ್ಳಿಯಲ್ಲಿ ತಿಪ್ಪೆ ಪಕ್ಕದಲ್ಲೇ ಆಡಿ ಬೆಳೆದವಳು. ಕಾವು ಹುಟ್ಟುವುದಕ್ಕಿಂತ ಬೇಗ ಸೋರಿದರೆ ತಿಪ್ಪೆ ತಣ್ಣಗೆ ಕೂರುತ್ತದೆ ಎಂದು ತಿಳಿಯಲು ಯಾವ ಪ್ರಮೇಯ ಬೇಕಿತ್ತು? ಸೊನ್ನೆ ಹುಡುಕೋದಕ್ಕೆ ಪಿಎಚ್‌ಡಿ ಯಾಕೆ ಎಂದು ತುಂಬಿದ ಹಾಲಿನಲ್ಲಿ ಕೇಳಿದವಳು ನಾನು, ವರ್ಷಗಟ್ಟಲೆ ಪಿಎಚ್‌ಡಿಯಲ್ಲಿ ಹುಡುಕಿದ್ದು ಸೊನ್ನೆಯನ್ನೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪಕ್ಕದ ಹೆಂಗಸು 'ಯಾಕ್ ಕಣಮ್ಮ, ಹೊಟ್ಟೆ ತೊಳಸ್ತೈತಾ, ನಿಂಬೆಹಣ್ಣು ಕೊಡ್ಲಾ?' ಅಂತ ಕೇಳಿದಳು. ಕೊಡಿ ಅಂದೆ.

ಮನೆಗೆ ಬಂದು ಪ್ರಬಂಧ ತೆಗೆದು ನೋಡಿದೆ. ತಪ್ಪು ಹೇಗೆ ಬಂತು ಎಂದು ಕಾಣಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡನೇ ಅಧ್ಯಾಯದಲ್ಲಿ ತಣ್ಣಗಿದ್ದಾಗಲೂ ಸ್ವಲ್ಪ ಕಾವು ಹುಟ್ಟುತ್ತಿತ್ತು, ಹಾಗಾಗಿ ಅಲ್ಲಿ ಸೊನ್ನೆ ಪರಿಹಾರವೇ ಅಲ್ಲ. ಅಲ್ಲಿ ಆ ಎರಡನೇ ಮಾತನ್ನು ಬಿಟ್ಟದ್ದು ಸರಿಯೇ ಆಗಿತ್ತು. ಮೂರನೇ ಅಧ್ಯಾಯದಲ್ಲಿ ಫಲಿತಾಂಶವನ್ನು ಇನ್ನೂ ವಿಸ್ತಾರ ಮಾಡುತ್ತೇನೆಂದು ಆ ಕಾವನ್ನು ತೆಗೆದುಹಾಕಿದ್ದೆ, ಸಾಧನೆಯ ಸಾಲುಗಳನ್ನು ಮಾತ್ರ ಹಾಗೇ ಕಾಪಿ ಮಾಡಿ ಅಂಟಿಸಿದ್ದೆ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಕಾಪಿ ಹೊಡೆಯುವ ಹುಡುಗನಾದರೂ ಪ್ರಶ್ನೆ ಒಂದೇನಾ ಅಂತ ನೋಡುತ್ತಾನೆ. ನಾನು ನನ್ನದನ್ನೇ ಕಾಪಿ ಹೊಡೆದು ಅದನ್ನೂ ನೋಡಲಿಲ್ಲ.

ಪಾವಗಡದ ಮೇಷ್ಟ್ರಿಗೆ ಫೋನ್ ಮಾಡಿ ಆ ಹುಡುಗಿಗೆ ಹೇಳಿಬಿಡಿ ಅನ್ನಬೇಕು ಎಂದು ಅವತ್ತೇ ಅನ್ನಿಸಿತು. ಫೋನ್ ಕೈಗೆ ತಗೊಂಡೆ ಕೂಡ. ಏನಂತ ಹೇಳುವುದು? ಹಾರ ಹಾಕಿಸಿಕೊಂಡು ಬಂದ ಸಂಜೆಯೇ ನಾನು ಹೇಳಿದ್ದೆಲ್ಲ ಸುಳ್ಳು ಅನ್ನುವುದೇ? ಮೊದಲು ರಿಪೇರಿ ಮಾಡೋಣ, ಆಮೇಲೆ ಹೇಳಿದರಾಯಿತು ಎಂದು ಫೋನ್ ಇಟ್ಟೆ. ಆಮೇಲೆ ಎನ್ನುವ ಮಾತು ಎಷ್ಟು ಅನುಕೂಲದ್ದು ನೋಡಿ.

ಆ ಭಾನುವಾರ ಹೊಳವನಹಳ್ಳಿಗೆ ಹೋದೆ. ಬಸ್ಸಿಂದ ಇಳಿದವಳೇ ಬೆಚ್ಚಿಬಿದ್ದೆ. ಸ್ಟಾಪಿನ ಎದುರಿಗೆ ನನ್ನಣ್ಣನ ಪಂಕ್ಚರ್ ಅಂಗಡಿ. ಅದರ ತಲೆಯ ಮೇಲೆ ಆಳೆತ್ತರದ ಫ್ಲೆಕ್ಸು. ಯಾವುದೋ ಮದುವೆಯಲ್ಲಿ ತೆಗೆದ ನನ್ನ ಫೋಟೋ, ಹೆಸರಿನ ಹಿಂದೆ ಬಂಗಾರದ ಬಣ್ಣದಲ್ಲಿ 'ಡಾ.', ಕೆಳಗೆ ಊರಿಗೆ ಕೀರ್ತಿ ತಂದ ಮಗಳಿಗೆ ಅಭಿನಂದನೆ.

'ಹೆಂಗೈತೆ?' ಅಂದ ಅಣ್ಣ, ಟ್ಯೂಬು ನೀರಿನಲ್ಲಿ ಅದ್ದುತ್ತಾ.

'ಇನ್ನೂ ಕೊಟ್ಟಿಲ್ಲ ಕಣಣ್ಣ. ಸಾರಾಂಶ ಮಾತ್ರ ಒಪ್ಪಿರೋದು.'

'ಒಪ್ಪವ್ರೆ ಅಂದ್ಮೇಲೆ ಇನ್ನೇನು, ನಿಶ್ಚಿತಾರ್ಥ ಆದಂಗೆ. ಮದ್ವೆ ಒಂದಿನ ಹೆಚ್ಚುಕಮ್ಮಿ ಆಯ್ತದೆ. ಅದ್ಸರಿ, ಬಂದೋರೆಲ್ಲಾ ಏನ್ ಕಂಡುಹಿಡ್ದವ್ಳೆ ನಿನ್ ತಂಗಿ ಅಂತಾರೆ. ಏನಂತ ಹೇಳ್ಲಿ?'

'ಏನೂ ಇಲ್ಲ ಅಂತ ಹೇಳು' ಅಂದೆ.

'ನೋಡ್ದಾ, ಎಷ್ಟು ಓದಿದ್ರೂ ಒಂಚೂರು ಕೊಬ್ಬಿಲ್ಲ ನಮ್ಮುಡುಗಿಗೆ!' ಅಂತ ಟೈರು ಬಿಚ್ಚಿಸಲು ಬಂದವನ ಹತ್ತಿರ ಹೆಮ್ಮೆಪಟ್ಟ. ನಿಜ ಹೇಳಿದರೂ ಅದು ವಿನಯ ಆಗಿಬಿಡುತ್ತಿತ್ತು. ಊಟ ಮಾಡದೆ ಮುಂದಿನ ಬಸ್ಸಿಗೆ ಹೊರಟೆ.

ರಿಪೇರಿ ಶುರುವಾಯಿತು. ಬೆಚ್ಚಗಿನ ಪರಿಹಾರ ಬೇಕೆಂದರೆ ಕೆಳಗಿನಿಂದ ಒಂದು ಆಸರೆ ಬೇಕು. ಸಣ್ಣ ಗುಡ್ಡದಂಥ ಬಿಸಿಯೊಂದನ್ನು ಇಟ್ಟು, ಪರಿಹಾರ ಇದಕ್ಕಿಂತ ಕೆಳಗಿಳಿಯಲಾರದು ಎಂದು ತೋರಿಸಬೇಕು. ಆ ಆಸರೆ ನಿಲ್ಲಬೇಕಾದರೆ ಬಿಸಿ ಕಡಿಮೆಯಿರುವಾಗ ಕಾವು ಆ ಮಿತಿಗಿಂತ ಜೋರಾಗಿ ಹುಟ್ಟಬೇಕು. ನನ್ನ ಷರತ್ತು ಮಿತಿಯ ಒಳಗಿರಬೇಕು ಅನ್ನುತ್ತದೆ. ಒಂದು ಷರತ್ತು ಇಟ್ಟರೆ ಇನ್ನೊಂದು ಸಾಯುತ್ತದೆ. ಕೆಲವು ದಿನ ಇಬ್ಬರು ಸವತಿಯರನ್ನು ಒಂದೇ ಮನೆಯಲ್ಲಿಡುವ ಸಾಹಸ ಮಾಡಿದೆ.

ಶಿರಾದ ಒಂದು ಕಾಲೇಜಿಗೆ ಪರೀಕ್ಷಾ ಮೇಲ್ವಿಚಾರಣೆಗೆ ಹಾಕಿದ್ದರು. ಹುಡುಗರು ಬರೆಯುತ್ತಿದ್ದರು, ನಾನು ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಅದನ್ನೇ ಮೆಲುಕು ಹಾಕುತ್ತಿದ್ದೆ. ಥಟ್ಟನೆ ಹೊಳೆಯಿತು: ಷರತ್ತನ್ನು ಎರಡು ಭಾಗ ಮಾಡಬಹುದಲ್ಲ! ಬಿಸಿ ಕಡಿಮೆಯಿರುವಾಗ ಕಾವು ಜೋರಾಗಿ ಹುಟ್ಟಲಿ, ಬಿಸಿ ಏರಿದಾಗ ಮಂದವಾಗಲಿ. ಆಗ ಕೆಳಗೊಂದು ಸಣ್ಣ ಗುಡ್ಡ, ಮೇಲೊಂದು ದೊಡ್ಡ ಗುಡ್ಡ, ನಡುವೆ ಪರಿಹಾರ ಸಿಕ್ಕಿಹಾಕಿಕೊಳ್ಳುತ್ತದೆ, ಸೊನ್ನೆಗೆ ಜಾರಲು ಜಾಗವೇ ಇಲ್ಲ. ಹೆಚ್ಚುವರಿ ಹಾಳೆ ಕೇಳಿ ಕೈಯೆತ್ತಿದ ಹುಡುಗ ಎಷ್ಟು ಹೊತ್ತು ಹಾಗೇ ಇದ್ದನೋ, ಕೊನೆಗೆ 'ಮೇಡಂ!' ಅಂತ ಕೂಗಿದ. ಸಂಜೆ ಮನೆಗೆ ಬಂದು ಬರೆದು ನೋಡಿದೆ, ಎಲ್ಲೂ ತೂತಿಲ್ಲ. ಇಷ್ಟು ಸಲೀಸಾಗಿ ಬಂದದ್ದೇ ಅನುಮಾನಕ್ಕೆ ಕಾರಣವಾಗಿ ಎಂಎಸ್ಸಿಯಲ್ಲಿ ಓದಿದ ಪಠ್ಯಪುಸ್ತಕವನ್ನು ಅಟ್ಟದಿಂದ ಇಳಿಸಿದೆ. ಅದೇ ಪ್ರಮೇಯ, ಅದೇ ಎರಡು ಗುಡ್ಡ. ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ 'ಮುಖ್ಯ' ಅಂತ ನಾನೇ ಬರೆದುಕೊಂಡಿದ್ದೆ. ನಾನು ಹೊಸದಾಗಿ ಹೇಳಿದ್ದು ಸುಳ್ಳಾಗಿತ್ತು. ಸರಿಪಡಿಸಿದರೆ ಉಳಿಯುವುದು ಎಲ್ಲರಿಗೂ ಗೊತ್ತಿರುವ ಪಾಠವಾಗಿತ್ತು.

ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಮಾರ್ಗದರ್ಶಕರ ಬಳಿಗೆ ಹೋದೆ. ಒಳ್ಳೆಯವರು, ನಿವೃತ್ತಿಯ ಹತ್ತಿರ ಇದ್ದರು. ನನ್ನ ನಾಲ್ಕು ಸಾಲು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

'ನಾನೂ ನೋಡಲಿಲ್ಲವಲ್ಲಮ್ಮ' ಅಂದರು. ಅವರ ಮುಖ ನೋಡಲಾಗದೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ಹಾಳೆಯನ್ನು ನನ್ನ ಕೈಗೆ ವಾಪಸ್ ಕೊಟ್ಟರು. 'ಒಂದು ಕೆಲಸ ಮಾಡು. ಪಾಸಿಟಿವ್ ಸೊಲ್ಯೂಷನ್ ಅಂತ ಇರೋ ಕಡೆಯೆಲ್ಲ ನಾನ್‌ನೆಗೆಟಿವ್ ಅಂತ ಮಾಡಿಬಿಡು.'

ಪಾಸಿಟಿವ್ ಅಂದರೆ ಸೊನ್ನೆಗಿಂತ ದೊಡ್ಡದು. ನಾನ್‌ನೆಗೆಟಿವ್ ಅಂದರೆ ಸೊನ್ನೆಗಿಂತ ಚಿಕ್ಕದಲ್ಲ, ಸೊನ್ನೆಯಾದರೂ ಆದೀತು. ಆ ಒಂದು ಮಾತು ಬದಲಾಯಿಸಿದರೆ ಪ್ರಮೇಯದಲ್ಲಿ ತಪ್ಪೇ ಇರುವುದಿಲ್ಲ.

'ತಪ್ಪಿರಲ್ಲ ಸರ್. ಆದ್ರೆ ಅದರಲ್ಲಿ ಏನೂ ಇರಲ್ಲ.'

'ಏನೂ ಇಲ್ಲದೆ ಇರೋದು ತಪ್ಪಲ್ಲಮ್ಮ. ಏನೂ ಇಲ್ಲದ ಪ್ರಬಂಧ ನಾನು ಬೇಕಾದಷ್ಟು ನೋಡಿದ್ದೀನಿ, ಒಂದನ್ನೂ ತಪ್ಪು ಅಂತ ವಾಪಸ್ ಕಳಿಸಿಲ್ಲ.' ನಗಲು ನೋಡಿದರು, ಆಗಲಿಲ್ಲ. 'ನಿನಗೆ ಕೆಲಸ ಬೇಕೋ ಬೇಡವೋ?'

ಬೇಕು ಸರ್ ಅಂದೆ.

ಮಧುಗಿರಿಗೆ ಬಂದು ಕಂಪ್ಯೂಟರಿನಲ್ಲಿ ಹುಡುಕಿ ಬದಲಾಯಿಸುವ ಗುಂಡಿ ಒತ್ತಿದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಪ್ರಬಂಧದ ತುಂಬ ಪಾಸಿಟಿವ್ ಹೋಗಿ ನಾನ್‌ನೆಗೆಟಿವ್ ಬಂತು. ಅದಕ್ಕೇನು ಗೊತ್ತು, ಎಲ್ಲ ಕಡೆಯೂ ಬದಲಾಯಿಸಿತ್ತು. ಭಾಗಿಸಬೇಕಾದ ಸ್ಥಿರಾಂಕಗಳೂ ನಾನ್‌ನೆಗೆಟಿವ್ ಆಗಿ, ಅಲ್ಲಲ್ಲಿ ನಾನು ಸೊನ್ನೆಯಿಂದ ಭಾಗಿಸುತ್ತಿದ್ದೆ. ಕೃತಜ್ಞತೆಯ ಪುಟದಲ್ಲಿ ನನ್ನ ಗಂಡನ ಪಾಸಿಟಿವ್ ಮನೋಭಾವವನ್ನು ನೆನೆದಿದ್ದೆ. ಅದು ನಾನ್‌ನೆಗೆಟಿವ್ ಮನೋಭಾವವಾಗಿತ್ತು. ಓದಿ ಜೋರಾಗಿ ನಕ್ಕೆ. ಒಳಗಿನಿಂದ ಅವರು 'ಏನೇ ಅದು?' ಅಂದರು. ಏನಿಲ್ಲ ಅಂದೆ. ಒಂದೊಂದಾಗಿ ಕೂತು ಸರಿಮಾಡಿದೆ, ಪರಿಹಾರದ ಜಾಗದಲ್ಲಿ ಮಾತ್ರ ನಾನ್‌ನೆಗೆಟಿವ್ ಉಳಿಸಿದೆ. ಪ್ರತಿ ಸಲ ಆ ಪದದ ಹತ್ತಿರ ಬಂದಾಗ ಯಾರೋ ಬೆನ್ನ ಹಿಂದೆ ನಿಂತ ಹಾಗೆ ಆಗುತ್ತಿತ್ತು. ನಾನು ಕದ್ದದ್ದು ಏನೂ ಇರಲಿಲ್ಲ, ಆದರೂ ಕಳ್ಳಿಯ ಹಾಗೆ ಕೂತಿದ್ದೆ.

ಪ್ರಬಂಧ ಬೈಂಡಾಗಿ ಬಂತು. ಮಾರನೆಯ ದಿನ ಹೋಗಿ ಸಲ್ಲಿಸಬೇಕು ಎಂದು ಪ್ರತಿಗಳನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಪೇರಿಸಿಟ್ಟುಕೊಂಡಿದ್ದೆ. ಮಧ್ಯಾಹ್ನದ ಕ್ಲಾಸ್ ಮುಗಿಸಿ ಬಂದರೆ ಬಾಗಿಲಲ್ಲಿ ಆ ಪಾವಗಡದ ಹುಡುಗಿ ನಿಂತಿದ್ದಳು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಮುಖವೆಲ್ಲ ಬಿಸಿಲು.

'ಮೇಡಂ, ಒಂದೇ ಒಂದ್ಸಲ ಮಾಡಿ ತೋರಿಸ್ತೀರಾ?' ಅಂದಳು, ಕೂತ್ಕೊ ಅನ್ನುವುದಕ್ಕೂ ಮೊದಲೇ. ಕವರಿನಿಂದ ಹಾಳೆಗಳ ಕಟ್ಟು ತೆಗೆದಳು. 'ಆ ಸರಳಿನ ಲೆಕ್ಕ. ನೀವು ಹುಡುಕಿ ಅಂದ್ರಲ್ಲಾ, ಅವತ್ತಿಂದ ಹುಡುಕ್ತಾ ಇದೀನಿ. ಎಂತ ಊಹೆ ಮಾಡಿದ್ರೂ ಆ ತುದೀಲಿ ಸುನ್ನಾ ರಾಲೇದು ಮೇಡಂ. ಬರಲ್ಲ ಅಂತದೆ.'

ಪ್ರತಿ ಹಾಳೆಯಲ್ಲೂ ಸಣ್ಣ ಅಕ್ಷರದಲ್ಲಿ ಹೆಜ್ಜೆ ಹೆಜ್ಜೆಯ ಲೆಕ್ಕ. ಪ್ರತಿ ಹಾಳೆಯ ಕೊನೆಯಲ್ಲಿ 'ಬರಲಿಲ್ಲ'. ಅದರ ಮೇಲೆ ಅವಳೇ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಇಂಟು ಹಾಕಿಕೊಂಡಿದ್ದಳು.

ಈಗ ನಾನು ಹೇಳುವ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಿದೆ. ಎಲ್ಲ ಗೊತ್ತಿದ್ದೂ ನನ್ನ ಬಾಯಿಂದ ಬಂದದ್ದು, 'ಹೆಜ್ಜೆ ದೊಡ್ಡದಾಯ್ತೇನೋಮ್ಮ. ಚಿಕ್ಕ ಹೆಜ್ಜೆ ಇಟ್ಟು ನೋಡಬೇಕಿತ್ತು.'

'ಅದೂ ನೋಡ್ದೆ ಮೇಡಂ' ಅಂತ ಇನ್ನೊಂದು ಕಟ್ಟು ತೆಗೆದಳು. 'ಚಿಕ್ಕದು ಮಾಡಿದ್ರೂ ಅಷ್ಟೇ. ಎಲ್ಲೋ ನಾನೇ ತಪ್ಪು ಮಾಡ್ತಾ ಇದೀನಿ. ನೀವು ಇದ್ದೇ ಇದೆ ಅಂತ ಸಾಬೀತು ಮಾಡಿದೀರಾ ಕದಾ, ನಂಗೆ ಸಿಗ್ತಿಲ್ಲ ಅಂದ್ರೆ ನಂಗೇ ಬರಲ್ಲ ಅಂತ ತಾನೇ? ಎಲ್ಲಿ ತಪ್ಪಾಗ್ತಿದೆ ಅಂತ ತಿಳ್ಕೊಂಡು ಹೋಗಾಣ ಅಂತ ಬಂದೆ.' ಮೇಜಿನ ಮೇಲಿನ ಪ್ರಬಂಧ ಅವಳ ಕಣ್ಣಿಗೆ ಬಿತ್ತು. 'ಇದೇನಾ ಮೇಡಂ ನಿಮ್ದು? ಇದ್ರಾಗೆ ಐತಾ ಅದು?' ಅಂದಳು, ಮುಟ್ಟಲೋ ಬೇಡವೋ ಎಂಬ ಹಾಗೆ ಕೈ ಚಾಚಿ.

ಒಂದು ವಸ್ತು ಇದೆ ಎಂದು ಸಾಬೀತು ಮಾಡುವುದು ನಿರಪಾಯದ ಕೆಲಸ ಎಂದು ನಾನು ಅಂದುಕೊಂಡಿದ್ದೆ. ಯಾರೂ ಓದದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಬೈಂಡಾಗಿ ಕಪಾಟು ಸೇರುತ್ತದೆ. ಆ ಮಾತನ್ನು ನಂಬಿ ಒಬ್ಬಳು ನಿಜವಾಗಿ ಹುಡುಕಲು ಹೊರಡುತ್ತಾಳೆ, ಸಿಗದಿದ್ದಾಗ ತನ್ನನ್ನೇ ಬೈದುಕೊಳ್ಳುತ್ತಾಳೆ ಎಂದು ನನಗೆ ಹೊಳೆದಿರಲಿಲ್ಲ. ನಾನ್‌ನೆಗೆಟಿವ್ ಅನ್ನುವ ಆ ಪದವನ್ನು ಈ ಹುಡುಗಿಗೆ ಹೇಗೆ ಕೊಡುವುದು?

'ಕೂತ್ಕೊಮ್ಮ' ಅಂದೆ. 'ನಿಂದು ತಪ್ಪಿಲ್ಲ. ಆ ಪರಿಹಾರ ಇಲ್ಲ.'

ಅವಳಿಗೆ ಅರ್ಥವಾಗಲಿಲ್ಲ. ಒಂದು ಹಾಳೆ ತಗೊಂಡು ಆ ನಾಲ್ಕು ಸಾಲು ಬರೆದು ತೋರಿಸಿದೆ. ಗುಣಿಸು, ಕೂಡಿಸು, ಹುಟ್ಟುವುದು ಸೋರುವುದಕ್ಕಿಂತ ಕಡಿಮೆ, ಆದ್ದರಿಂದ ಸೊನ್ನೆ ಒಂದೇ. ಎರಡು ಸಲ ಓದಿದಳು. ಮೂರನೇ ಸಾಲಿನ ಹತ್ತಿರ ಬೆರಳಿಟ್ಟು ಒಂದು ಪ್ರಶ್ನೆ ಕೇಳಿದಳು, ಉತ್ತರ ಕೊಟ್ಟೆ. ಆಮೇಲೆ ತಲೆಯೆತ್ತಿದಳು.

'ಇದು ನಿಮ್ಗೆ ಯಾವಾಗ ಗೊತ್ತಾಯ್ತು ಮೇಡಂ?'

'ಅವತ್ತೇ. ವಾಪಸ್ ಹೋಗ್ತಾ, ಬಸ್ಸಲ್ಲಿ.'

ಅವಳು ಆ ಹಾಳೆಯನ್ನು ನನ್ನ ಕಡೆಗೆ ಸರಿಸಿದಳು. ಬೈದಿದ್ದರೆ ಚೆನ್ನಾಗಿತ್ತು. 'ನನ್ನನ್ನ ಕ್ಲಾಸಲ್ಲಿ ಈಗ್ಲೂ ಸುನ್ನಾ ಅಂತಾರೆ' ಅಂದಳು, ದೂರುವ ದನಿಯೇನಲ್ಲ, ಸುಮ್ಮನೆ ತಿಳಿಸುವ ಹಾಗೆ.

ಅವಳ ಮುಂದೆಯೇ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ನಾಳೆ ಬರುವುದಿಲ್ಲ, ಮೂರನೇ ಅಧ್ಯಾಯ ತೆಗೆಯುತ್ತೇನೆ, ಪತ್ರಿಕೆಗೂ ಬರೆಯೋಣ ಸರ್ ಅಂದೆ. 'ಯೋಚನೆ ಮಾಡಿದ್ದೀಯ ತಾನೇ?' ಅಂದರು. ಮಾಡಿದ್ದೀನಿ ಅಂದೆ. ಮಾಡಿರಲಿಲ್ಲ, ಮಾಡಿದ್ದರೆ ಫೋನ್ ಮಾಡುತ್ತಿರಲಿಲ್ಲ. ಆ ಅಧ್ಯಾಯ ತೆಗೆದರೆ ಪ್ರಬಂಧ ನಿಲ್ಲುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಹಾಗೇ ಆಯಿತು. ತಿಂಗಳ ಕೊನೆಗೆ ನೋಂದಣಿ ರದ್ದಾಯಿತು, ಈ ವರ್ಷ ಕಾಲೇಜಿನಿಂದ ಕರೆ ಬರಲಿಲ್ಲ, ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಪತ್ರಿಕೆಯವರು ತಿದ್ದುಪಡಿಯನ್ನು ಯಾರಿಗೂ ಕಾಣದ ಮೂಲೆಯಲ್ಲಿ ಹಾಕಿದರು. ಅಣ್ಣ ಫ್ಲೆಕ್ಸು ಇಳಿಸಿ, 'ಬುಡಮ್ಮ, ಹುಲ್ಲಿನ ಬಣವೆಗೆ ಹೊದಿಸ್ತೀನಿ, ಗಟ್ಟಿ ಮಾಲು' ಅಂದ.

ಅವತ್ತು ಮಾತ್ರ, ಫೋನ್ ಇಟ್ಟ ಕೂಡಲೇ, ನನಗೊಂದು ಹಗುರ ಬಂದುಬಿಟ್ಟಿತ್ತು. ಏನೋ ದೊಡ್ಡದು ಮಾಡಿದೆ ಎಂಬ ಹಗುರ. ಆ ಹುರುಪಿನಲ್ಲೇ ಕೇಳಿದೆ, 'ಎಂಎಸ್ಸಿಗೆ ಅರ್ಜಿ ಹಾಕಿದೀಯ ತಾನೇ?'

'ಇಲ್ಲ ಮೇಡಂ. ಲಾಸ್ಟ್ ಡೇಟು ಹೋದ ವಾರಾನೇ ಆಗೋಯ್ತು.'

'ಯಾಕೆ ಹಾಕಲಿಲ್ಲ?'

ಹಾಳೆಗಳ ಕಡೆ ನೋಡಿದಳು. 'ಹಿಂದೂಪುರದಾಗೆ ಬಟ್ಟೆ ಅಂಗಡೀಲಿ ಬಿಲ್ಲಿಂಗ್ ಕೆಲ್ಸ ಐತಂತೆ. ಸೋಮವಾರದಿಂದ ಬಾ ಅಂದವ್ರೆ.'

ಹೋದ ವಾರ ನಾನು ಕಂಪ್ಯೂಟರಿನ ಮುಂದೆ ಕೂತು ಒಂದು ಪದವನ್ನು ತೆಗೆದು ಇನ್ನೊಂದು ಪದ ಹಾಕುತ್ತಿದ್ದೆ. ಒಂದು ಫೋನ್ ಮಾಡಿದ್ದರೆ ಸಾಕಾಗಿತ್ತು. ಮುಂದಿನ ವರ್ಷ ಹಾಕು, ನಾನು ಜೊತೆಗಿರ್ತೀನಿ, ನಿಮ್ಮ ಮನೆಯವರ ಹತ್ತಿರ ಬಂದು ಮಾತಾಡ್ತೀನಿ ಎಂದೆಲ್ಲ ಹೇಳಿದೆ. 'ನೋಡಾಣ ಮೇಡಂ' ಅಂದಳು. ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ಅನ್ನುವ ನೋಡಾಣ ಅದು.

ಎದ್ದು ನಿಂತವಳು ಮತ್ತೆ ಕೂತಳು. ಎರಡೂ ಕಟ್ಟು ಹಾಳೆಗಳನ್ನು ನನ್ನ ಮುಂದೆ ತಳ್ಳಿದಳು.

'ಅಂಗಾದ್ರೆ ಇವೆಲ್ಲಾ ಸರಿ ಕದಾ ಮೇಡಂ. ರೈಟ್ ಹಾಕಿ.'

ಪೆನ್ನು ತಗೊಂಡೆ. ಪ್ರತಿ ಹಾಳೆಯ ಕೆಳಗೂ, ಅವಳು ಹಾಕಿಕೊಂಡಿದ್ದ ಕೆಂಪು ಇಂಟುವಿನ ಪಕ್ಕದಲ್ಲಿ, ಒಂದೊಂದು ರೈಟ್ ಹಾಕುತ್ತಾ ಹೋದೆ. ಅವಳು ಪ್ರತಿಯೊಂದನ್ನೂ ನೋಡುತ್ತಿದ್ದಳು. ಕಣ್ಣು ಮಂಜಾಗಿ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟೆ.

'ಒಂದು ಬಿಟ್ಟೋಯ್ತು ಮೇಡಂ' ಅಂದಳು.

ಹಿಂದಕ್ಕೆ ತಿರುವಿ ಅದಕ್ಕೂ ಹಾಕಿದೆ.